ರಂಗಮ್ಮಾಳ್ ಕೈಯಲ್ಲಿ ಕಣ್ಣು ಬಿಡುವ ಇಲಿಗಳು

ಮಾರ್ಗಳಿ ತಿಂಗಳ ಚಳಿ. ದಿಂಡಿಗಲ್ಲಿನಿಂದ ವೇದಸಂದೂರಿಗೆ ಹೋಗುವ ರಸ್ತೆಯ ಬದಿಯ ಸಂಶೋಧನಾಲಯಕ್ಕೆ ಇನ್ನೂ ಬೆಳಕು ಹರಿದಿಲ್ಲ. ರಂಗಮ್ಮಾಳ್ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಕೈಕಾಲು ತೊಳೆದು, ಪೆಟ್ಟಿಗೆಗಳ ಮುಂದೆ ಕೂರುತ್ತಾರೆ. ನಿನ್ನೆ ಎದೆ ಕೊಯ್ಸಿಕೊಂಡ ಬಿಳಿ ಚುಂಡಿಲಿಗಳು ಹತ್ತಿಯೊಳಗೆ ಮುದುರಿ ಮಲಗಿವೆ. ಬೆರಳ ತುದಿಯಿಂದ ಹತ್ತಿ ಸರಿಸಿದರೆ ಒಂದು ಮೀಸೆ ಅಲುಗುತ್ತದೆ.

"ಇದು ಸಾವಿಂದ ತಪ್ಪಿಸ್ಕೊಂಡ್ತು," ಎಂದು ನೆನೆಸಿದ ತಿನಿಸನ್ನು ಅದರ ಮೂತಿಯ ಹತ್ತಿರ ಇಡುತ್ತಾರೆ.

ಇಲ್ಲಿ ಬೆಕ್ಕಿಲ್ಲ, ಚೆಲ್ಲಾಟವೂ ಇಲ್ಲ. ಪ್ರಾಣಸಂಕಟ ಮಾತ್ರ ಇಲಿಗೇ. ಡಾಕ್ಟರ್ ಅಭಿರಾಮಿ ಇಲಿಗೆ ಮದ್ದು ಕೊಟ್ಟು ಮಲಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಎದೆ ಬಿಡಿಸಿ, ಹೃದಯಕ್ಕೆ ರಕ್ತ ಒಯ್ಯುವ ನಾಳಕ್ಕೆ ಕೂದಲಿಗಿಂತ ತೆಳುವಾದ ದಾರ ಕಟ್ಟುತ್ತಾರೆ. ಕಟ್ಟಿದ ಕಡೆ ಹೃದಯ ಬಿಳಿಚಿಕೊಳ್ಳುತ್ತದೆ. ಮನುಷ್ಯರಿಗೆ ತಾನಾಗಿ ಬರುವ ಹೃದಯಾಘಾತ ಇಲಿಗೆ ಬರುವುದು ಹೀಗೆ. ನಾಲ್ಕು ವಾರ ಸಾಕಿ, ಆಮೇಲೆ ಕೊಂದು, ಹೃದಯದ ಗಾಯ ಹೇಗೆ ಮಾಗಿದೆ ನೋಡುತ್ತಾರೆ. ಆ ನಾಲ್ಕು ವಾರ ಅವನ್ನು ಉಳಿಸಿಕೊಡುವುದು ರಂಗಮ್ಮಾಳ್ ಕೆಲಸ. ಹತ್ತರಲ್ಲಿ ಮೂರು ಮೊದಲ ದಿನವೇ ಸಾಯುತ್ತವೆ.

ರಂಗಮ್ಮಾಳ್ ಕುಮಳಿ ಘಾಟಿಯ ಬುಡದ ಗೂಡಲೂರಿನವರು, ಮನೆಮಾತು ತಮಿಳು ಬೆರೆತ ಕನ್ನಡ. ಗಂಡ ಪೊನ್ನುಸಾಮಿ ಏಲಕ್ಕಿ ತೋಟಕ್ಕೆ ಆಳುಗಳನ್ನು ಆ ಘಾಟಿ ಹತ್ತಿಸುತ್ತಿದ್ದ ಜೀಪಿನ ಡ್ರೈವರ್. ಹೋದ ವರ್ಷ ತಿರುವೊಂದರಲ್ಲಿ ಎದೆ ಹಿಡಿದುಕೊಂಡಿತು. ಮನುಷ್ಯ ಜೀಪು ನಿಲ್ಲಿಸಿ, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಕುಸಿದ. ಜೀವ ಉಳಿದ ಮೇಲೆ, ದೊಡ್ಡಾಸ್ಪತ್ರೆ ಹತ್ತಿರವಿರಲೆಂದು ಇಬ್ಬರೂ ದಿಂಡಿಗಲ್ಲಿಗೆ ಬಂದರು. ಇಲಿ ಕಂಡರೆ ಪೊರಕೆ ಎತ್ತುತ್ತಿದ್ದ ಹೆಂಗಸು ಇಲಿಗೇ ಬಾಣಂತನ ಮಾಡುವವರಾದದ್ದು ಆಗ.

ಬಾಣಂತನವೆಂದರೆ ಸುಮ್ಮನೆ ಹೇಳಿದ ಮಾತಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಶುಕ್ರವಾರ, ಕೊಯ್ದ ಇಲಿಗಳು ನಡುಗುವುದನ್ನು ಕಂಡು ಅವರು ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಕೋಣೆಗೆಲ್ಲ ಹೊಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ಆ ತಂಡದಲ್ಲಿ ಒಂದೂ ಉಳಿದಿರಲಿಲ್ಲ.

"ನಮ್ ಮನೇಲಿ ಕೊಳಂದೆಗೆ ತಲೆಗೆ ನೀರು ಊತ್ತಿ, ಸಾಂಬ್ರಾಣಿ ಹೊಗೆ ಕಾಟ್ಟದೆ ತೊಟ್ಲಿಗೆ ಹಾಕೋದಿಲ್ಲ. ಎಲಿಗೂ ಅದೇ ಸುಗ ಅಂತ ನೆನ್ಚ್ಕೊಂಡೆ. ನಾನೇ ಕೊಂದ್ಬುಟ್ಟೆ," ಎನ್ನುತ್ತಾರೆ. ಆವತ್ತು ಯಾರೂ ಕೇಳುವ ಮೊದಲೇ ಡಾಕ್ಟರ ಮುಂದೆ ನಿಂತು ಹೇಳಿಯೂ ಬಿಟ್ಟರು. ಅಭಿರಾಮಿ, ಎದೆ ಕೊಯ್ಸಿಕೊಂಡ ಜೀವಕ್ಕೆ ಹೊಗೆಯಾಗದು, ಬಿಸುಪು ಸಾಕು ಎಂದು ತಿಳಿಸಿ, ಕಾವು ಕೊಡುವ ಬಲ್ಬನ್ನು ಎಷ್ಟು ದೂರದಲ್ಲಿ ಇಡಬೇಕೆಂದು ತೋರಿಸಿಕೊಟ್ಟರು. ಅಂದಿನಿಂದ ರಂಗಮ್ಮಾಳ್ ಮನೆಯಲ್ಲೂ ಸಾಂಬ್ರಾಣಿ ನಿಂತಿದೆ.

ಪೊನ್ನುಸಾಮಿಗೆ ಇದೆಲ್ಲ ತಮಾಷೆ. "ಎಲಿಗೆ ನೆನೆಸಿದ ತೀನಿ, ನಂಗೆ ಉಪ್ಪಿಲ್ದ ಕಂಜಿ. ಎಲಿಯಾಗಿ ಪುಟ್ಟಿದ್ರೆ ವಾಸಿ," ಎಂದು ಕೆಣಕುತ್ತಾರೆ. ಮೊನ್ನೆ ಒಂದು ಸಂಜೆ ಮಾತ್ರ ಕೆಣಕಲಿಲ್ಲ. "ಅಂಥ ನೆಂಜು ಮಡಿಕ್ಕೊಂಡು ಅದು ಎಷ್ಟು ಕಾಲ ಇರ್ತದೆ?" ಎಂದು ಕೇಳಿದರು. ಗಂಡ ಕೇಳುತ್ತಿರುವುದು ಇಲಿಯ ಎದೆಯ ವಿಷಯವಲ್ಲ ಎಂದು ರಂಗಮ್ಮಾಳ್‌ಗೆ ಗೊತ್ತು. ನಾಲ್ಕು ವಾರ ದಾಟಿದ ಇಲಿಯನ್ನು ಅವರು ನೋಡಿಯೇ ಇಲ್ಲ. ಕಂಜಿ ಆರುತ್ತದೆ, ಕುಡಿಯಿರಿ ಎಂದಷ್ಟೇ ಹೇಳಿ ಒಳಗೆ ಹೋಗಿ ಅತ್ತರಂತೆ.

ಈಗ ಕಿಟಕಿಗೆ ಬಿಸಿಲು ಬಂದಿದೆ. ಈ ತಂಡದಲ್ಲಿ ಎರಡು ಹೋದವು, ಉಳಿದವು ತಿನ್ನುತ್ತಿವೆ. ಹೊರಗೆ ಅಭಿರಾಮಿಯವರ ಸ್ಕೂಟರ್ ನಿಂತ ಸದ್ದಾಗುತ್ತದೆ. ಇವತ್ತು ಕೇಳಿಯೇ ಬಿಡಬೇಕೆಂದು ರಂಗಮ್ಮಾಳ್ ಸೆರಗು ಸರಿಪಡಿಸಿಕೊಂಡು ಏಳುತ್ತಾರೆ. ಏನು ಕೇಳುತ್ತೀರಿ ಎಂದು ನಾನು ವಿಚಾರಿಸಿದರೆ, ಪೆಟ್ಟಿಗೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಸಂಬಳ ಜಾಸ್ತಿ ಕೂಟ್ಟಿ ಕೊಡಿ ಅಂತ ಕೇಳೋದಿಲ್ಲ. ಒಂದೇ ಒಂದು ಎಲಿಯ ನಾಲ್ಕು ವಾರ ಆದ್ಮೇಲೂ ಕೊಲ್ಲದೆ ಬುಟ್ಬುಡ್ಲಿ. ಮುದಿಯಾಗೋ ಮಟ್ಟೂ ನಾನೇ ತೀನಿ ಇಟ್ಟು ಪಾತ್ಕೊಂತೀನಿ."