ಸೆರ್ವಾಳ ರಾಳದ ಡಬ್ಬಿ

ಸೆರ್ವಾ ಮೊದಲು ನನ್ನ ಕಣ್ಣಿಗೆ ಬಿದ್ದ ದಿನ ಬೆಸುಗೆಯ ಹೊಗೆಯನ್ನು ಮೂಸುತ್ತಿದ್ದಳು. ಕುಮಾಸಿ ನಗರದ ಸುವಾಮೆ ಗ್ಯಾರೇಜು ಕೇರಿಯಲ್ಲಿ, ಲಾರಿ ರೇಡಿಯೇಟರ್ ರಿಪೇರಿಯವರ ನಡುವೆ ಅವಳ ಅಂಗಡಿ. ಹೆರಿಗೆ ಮನೆಗಳ ಸೌರದೀಪಕ್ಕೆ ಸರ್ಕ್ಯೂಟ್ ಬೋರ್ಡು ಬೆಸೆದು ಜೋಡಿಸುವುದು ಕಸುಬು.

"ಬೆಸುಗೆಗೆ ಹಚ್ಚೋ ರಾಳದ ಹೊಗೆ ಮರದ ವಾಸನೆ ಬರ್ಬೇಕು. ಘಾಟು ಹೊಡೆದ್ರೆ ಅದು ರೇಡಿಯೇಟರಿನವರ ಆ್ಯಸಿಡ್ ಪೇಸ್ಟು. ತಗಡಿಗೆ ಅಮೃತ, ಬೋರ್ಡಿಗೆ ವಿಷ," ಎನ್ನುವಳು.

ಬೊವಾಡು ಅಂಗಡಿಯಲ್ಲಿ ಅವಳ ಜೊತೆಗಾರ. ಇಬ್ಬರೂ ಒಬ್ಬನೇ ಗುರುವಿನ ಬಳಿ ಕಲಿತವರು. ಮಧ್ಯಾಹ್ನದ ಫುಫು ಮುದ್ದೆಗೆ ಒಂದೇ ಬಟ್ಟಲು, ಅದಕ್ಕೆ ಎರಡು ಕೈ.

ತಾಯಿ ತೀರಿಕೊಂಡಾಗ ಸೆರ್ವಾ ಊರಿಗೆ ಹೋದಳು. ಮರಳುವಷ್ಟರಲ್ಲಿ ಬೊವಾಡು ಒಂದು ಕಂತಿನ ಬೋರ್ಡುಗಳ ಬೆಸುಗೆ ಮುಗಿಸಿದ್ದ. ಎಂದಿನಂತೆ ಅವಳು ಅವನ್ನು ಸ್ಪಿರಿಟ್ಟಿನಲ್ಲಿ ತೊಳೆದು, ತನ್ನ ಗುರುತಿನ ಕೆಂಪು ಚುಕ್ಕೆಯಿಟ್ಟು ಕಳಿಸಿದಳು. ಒಣಗಾಳಿಯ ಕಾಲವೆಲ್ಲ ದೀಪಗಳು ಚೆನ್ನಾಗಿ ಉರಿದವು. ಮಳೆ ಬಿತ್ತು, ಒಂದೊಂದಾಗಿ ಆರಿದವು.

ಸೂಲಗಿತ್ತಿ ದುಫಿಯೆ ಸತ್ತ ದೀಪ ಹಿಡಿದು ಬಂದಳು.

"ನಿನ್ನ ಚುಕ್ಕೆ ನೋಡೇ ತಗೊಂಡಿದ್ದು ಕಣೇ. ಮಗುವಿನ ತಲೆ ಹೊರಗೆ ಬಂದಿದೆ, ನಿನ್ನ ದೀಪ ಕಣ್ಣು ಮುಚ್ತು. ಬಾಯಲ್ಲಿ ಟಾರ್ಚ್ ಕಚ್ಕೊಂಡು ಹೆರಿಗೆ ಮಾಡಿಸ್ದೆ. ಇನ್ಮೇಲೆ ಈ ಚುಕ್ಕೆ ಕಂಡ್ರೆ ದೂರ ಇಡ್ತೀನಿ."

ಸೆರ್ವಾ ತಲೆ ತಗ್ಗಿಸಿದಳು. ಬಟ್ಟಲಿನ ಮುಂದಿದ್ದ ಬೊವಾಡು ಮೆಲ್ಲಗೆ ಹೇಳಿದ: "ಅಮ್ಮ ಹೋದ ದುಃಖ ನೋಡಿ. ಅಕ್ಕನ ಕೈ ತೊಳೆಯೋದ್ರಲ್ಲಿ ತಪ್ಪಿರ್ಬೇಕು."

ಇರಬಹುದೆಂದು ಅವಳೂ ನಂಬಿದಳು. ದುಫಿಯೆ ಹೋದ ಮೇಲೆ ದೀಪ ಬಿಚ್ಚಿದಳು. ಬೆಸುಗೆಯ ಸುತ್ತ ಹಸಿರು ಕಿಲುಬು. ಕಾದ ಬೆಸುಗೆ ಕಡ್ಡಿ ತಾಗಿಸಿದಳು. ಘಾಟು ಮೂಗಿಗೆ ಹೊಡೆಯಿತು. ಸ್ಪಿರಿಟ್ಟಿಗೆ ರಾಳ ಕರಗೀತು. ಆ್ಯಸಿಡ್ಡಿನ ಉಪ್ಪು ಜಗ್ಗದು, ಮಳೆಯ ತೇವ ಕುಡಿದು ತಾಮ್ರ ತಿನ್ನುತ್ತದೆ. ಅವಳು ತೊಳೆದದ್ದೆಲ್ಲ ನೀರಲ್ಲಿ ಮಾಡಿದ ಹೋಮವಾಗಿತ್ತು.

"ರಾಳ ಮುಗ್ದಿತ್ತು ಅಕ್ಕ," ಎಂದ ಬೊವಾಡು. "ಪಕ್ಕದವರ ಪೇಸ್ಟು ಬೆಣ್ಣೆ ಹಾಗೆ ಹರೀತು. ಬೇಗ ಮುಗೀತು."

"ಪೇಸ್ಟು ಹಚ್ಚಿದ್ದು ಇರ್ಲಿ. ದುಃಖದಲ್ಲಿ ನನ್ನ ಕೈ ತಪ್ತು ಅಂದ್ಯಲ್ಲ, ಅದನ್ನ ಯಾವ ಡಬ್ಬಿಯಿಂದ ತೆಗ್ದೆ?"

ಅವನು ಬಟ್ಟಲು ಬಿಟ್ಟು ಎದ್ದು ಹೋದ.

ಸೆರ್ವಾ ಈಗ ಹೆರಿಗೆ ಮನೆಗಳಿಗೆ ತಾನೇ ಹೋಗಿ ಬೋರ್ಡುಗಳನ್ನು ತರುತ್ತಾಳೆ. ಆ ಉಪ್ಪು ಹೋಗುವಂತೆ ಬಿಸಿನೀರಲ್ಲಿ ಉಜ್ಜಿ, ಒಣಗಿಸಿ, ರಾಳ ಹಚ್ಚಿ ಮತ್ತೆ ಬೆಸೆಯುತ್ತಾಳೆ. ಮೊದಲು ಸರಿಹೋದದ್ದು ದುಫಿಯೆಯ ದೀಪ. ಬೊವಾಡು ರೇಡಿಯೇಟರಿನವರ ಜೊತೆ ಸೇರಿದ್ದಾನೆ. ಮಧ್ಯಾಹ್ನ ಫುಫು ಮಾರುವವಳು ಅಭ್ಯಾಸಬಲದಿಂದ ದೊಡ್ಡ ಬಟ್ಟಲು ಇಡಹೋದರೆ, "ಚಿಕ್ಕದು ಸಾಕಮ್ಮ," ಎನ್ನುತ್ತಾಳೆ ಸೆರ್ವಾ.