ದುರ್ಗಮ್ಮನ ಹಾಡು ಮತ್ತು ಎರಡು ಸರ್ವರ್‌ಗಳು

ತೀರ್ಥಹಳ್ಳಿಯ ಒಂದು ಸಂಶೋಧನಾ ಸಂಸ್ಥೆಯ ಡಿಜಿಟಲ್ ಭಂಡಾರವನ್ನು ಯೋಗರಾಜ್ ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾನೆ. ಪ್ರಬಂಧಗಳು, ಓಲೆಗರಿಯ ಚಿತ್ರಗಳು, ಸುತ್ತಲಿನ ಹಳ್ಳಿಗಳ ಹಾಡುಗಳು ಅದರಲ್ಲಿವೆ. ಅದು ಕ್ಷಣವೂ ನಿಲ್ಲಬಾರದೆಂದು ಅವನು ಎರಡು ಸರ್ವರ್‌ಗಳನ್ನು ಜೋಡಿಸಿದ್ದ. ಒಂದು ಇಲ್ಲಿ, ಇನ್ನೊಂದು ಸಾಗರದ ಶಾಖೆಯಲ್ಲಿ; ಎರಡರಲ್ಲೂ ಇರುವುದು ಅದೇ ಭಂಡಾರ. ಅವು ಸೆಕೆಂಡಿಗೊಮ್ಮೆ ಪರಸ್ಪರ ವಿಚಾರಿಸಿಕೊಳ್ಳುತ್ತವೆ. ಒಂದರಿಂದ ಉತ್ತರ ಬಾರದಿದ್ದರೆ ಇನ್ನೊಂದು ಪೂರ್ತಿ ಹೊಣೆ ಹೊರುತ್ತದೆ. ಈ ವ್ಯವಸ್ಥೆ ಬಂದ ಮೇಲೆ, ವಾರಕ್ಕೊಮ್ಮೆ ಪ್ರತ್ಯೇಕ ಪ್ರತಿ ತೆಗೆದಿಡುವುದನ್ನು ಅನಗತ್ಯವೆಂದು ಅವನೇ ನಿಲ್ಲಿಸಿದ.

ಕಳೆದ ಮೇ ತಿಂಗಳಲ್ಲಿ ಅವನ ತಾಯಿ ದುರ್ಗಮ್ಮನ ಗಂಟಲಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ವೈದ್ಯರು. ಅದಕ್ಕೆ ಮೊದಲಿನ ಭಾನುವಾರ ಸಾಗರ ಶಾಖೆಯ ಸ್ವಾತಿ ನಿಟ್ಟೂರಿನ ಅವರ ಮನೆಗೆ ಬಂದು, ದುರ್ಗಮ್ಮ ಒಡಕು ದನಿಯಲ್ಲಿ ಹಾಡಿದ ಗದ್ದೆ ನಾಟಿಯ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಳು. ಅದುವರೆಗೆ ದುರ್ಗಮ್ಮ ಯಾರ ಮೈಕಿಗೂ ಹಾಡಿರಲಿಲ್ಲ.

“ಹಾಡು ಇಡೋ ಆ ಡಬ್ಬಿ ಕೆಟ್ಟೋದ್ರೆ ಎಂತ ಮಾಡ್ತೀಯಾ?” ಎಂದು ಮಗನನ್ನು ಕೇಳಿದಳು.

“ಎರಡಿದಾವೆ ಅಮ್ಮ. ಒಂದು ಕೆಟ್ರೆ ಇನ್ನೊಂದು ನಡೀತದೆ.”

“ಎರಡು ಎಮ್ಮೆ ಕಟ್ಟಿದಂಗೆ ಅನ್ನು. ನಿಮ್ಮಪ್ಪಂಗೆ ಇಷ್ಟು ಬುದ್ಧಿ ಇರ್ಲಿಲ್ಲ ಮಾರಾಯ.”

ಸೋಮವಾರ ಅವನು ತಾಯಿಯೊಂದಿಗೆ ಆಸ್ಪತ್ರೆಯಲ್ಲಿದ್ದ. ಮಧ್ಯಾಹ್ನ ತೀರ್ಥಹಳ್ಳಿಯಲ್ಲಿ ಗುಡುಗಿತು. ಗುಡುಗಿದರೆ ವೈರು ಕೀಳುವುದು ಇಲ್ಲಿನವರ ಕೈಗೆ ಹತ್ತಿದ ಅಭ್ಯಾಸ. ಸಂಸ್ಥೆಯ ಅಟೆಂಡರ್ ಧರ್ಮಪ್ಪ ಇಂಟರ್‌ನೆಟ್ ವೈರನ್ನು ಕಿತ್ತು ಕಿಟಕಿಯ ಸರಳಿಗೆ ಸಿಕ್ಕಿಸಿ ಮನೆಗೆ ಹೋದ. ಆದರೆ ಎರಡೂ ಸರ್ವರ್‌ಗಳು ಓಡುತ್ತಲೇ ಇದ್ದವು. ಉತ್ತರ ಬಾರದ್ದರಿಂದ, ಇನ್ನೊಂದು ಸತ್ತಿದೆಯೆಂದು ಎರಡೂ ನಂಬಿದವು. ಇಲ್ಲಿನ ಸರ್ವರ್ ಸಂಸ್ಥೆಯೊಳಗಿನ ಜಾಲದಿಂದ ವಿದ್ಯಾರ್ಥಿಗಳ ಅರವತ್ತೊಂದು ವರದಿಗಳನ್ನು ತೆಗೆದುಕೊಂಡಿತು. ಸಾಗರದ್ದು ಸ್ವಾತಿಯಿಂದ ದುರ್ಗಮ್ಮನ ಹಾಡುಗಳ ಒಂದೇ ಕಡತವನ್ನು ತೆಗೆದುಕೊಂಡಿತು. ಪರದೆಯ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಬಂದೊಡನೆ ಅವಳು ಶಾಖೆಯ ನಿಯಮದಂತೆ ಮೆಮೊರಿ ಕಾರ್ಡನ್ನು ಅಳಿಸಿದಳು.

ಮಂಗಳವಾರ ಬೆಳಿಗ್ಗೆ ಧರ್ಮಪ್ಪ ವೈರನ್ನು ಮತ್ತೆ ಚುಚ್ಚಿದ. ಎರಡೂ ಕಡೆಯ ದಾಖಲೆಗಳು ಹೊಂದದಿದ್ದಾಗ ಏನು ಮಾಡಬೇಕೆಂದು ಯೋಗರಾಜ್ ಎಂದೋ ಬರೆದಿಟ್ಟಿದ್ದ: ಹೆಚ್ಚು ಸೇರ್ಪಡೆಯಾದ ಕಡೆಯದು ಉಳಿಯಲಿ, ಇನ್ನೊಂದು ಅದರಂತೆ ಆಗಲಿ. ಹಾಗೆಯೇ ಆಯಿತು. ಅರವತ್ತೊಂದು ಉಳಿದವು.

ಬುಧವಾರ ಶಸ್ತ್ರಚಿಕಿತ್ಸೆ ಮುಗಿಯಿತು. ಗುರುವಾರ ಸ್ವಾತಿಯ ಕರೆ ಬಂತು.

“ಸರ್, ಅಮ್ಮಂದು ಕಾಣ್ತಾ ಇಲ್ಲ. ಕಾರ್ಡಲ್ಲೂ ಇಲ್ಲ, ಅದರ ಮೇಲೆ ಬೇರೆ ಊರಿಂದು ತುಂಬ್ಸಿ ಆಗಿದೆ.”

ಅವನು ಮೊಬೈಲಿನಲ್ಲೇ ಸರ್ವರ್‌ನ ದಾಖಲೆ ತೆರೆದು ನೋಡಿದ. ‘ಕೈಬಿಟ್ಟದ್ದು: ಒಂದು’ ಎಂದಿತ್ತು. ವೈರು ಕಿತ್ತಿದ್ದೆಯಾ ಎಂದು ಧರ್ಮಪ್ಪನಿಗೆ ಫೋನು ಮಾಡಿ ಕೇಳಿದ.

“ಸುಟ್ಟೋದ್ರೆ ನೀವೇ ಬೈತೀರಲ್ಲ ಸರ್. ಹೋದ್ವರ್ಷ ಕಿತ್ತಿದ್ದಕ್ಕೆ ಶಭಾಷ್ ಅಂದ್ರಿ.”

ಅದು ನಿಜ. ಯೋಗರಾಜ್ ಫೋನಿಟ್ಟ. ಅಲ್ಲೇ ಕುಳಿತು ಆ ವಾರದ ವರದಿ ಕಳಿಸಿದ: ಭಂಡಾರ ಸ್ಥಗಿತಗೊಂಡ ಅವಧಿ, ಸೊನ್ನೆ ನಿಮಿಷ. ಅವನಿಗೆ ಅಳು ಬರಲಿಲ್ಲ. ಕಾರಿಡಾರಿನಲ್ಲಿ ಯಾರೋ ಮರೆತುಹೋದ ಚಪ್ಪಲಿಯನ್ನು ಬಹಳ ಹೊತ್ತು ನೋಡಿದ.

ಒಳಗೆ ದುರ್ಗಮ್ಮ ಎಚ್ಚರವಾಗಿದ್ದಳು. ಕಿವಿ ಮುಟ್ಟಿ ತೋರಿಸಿದಳು. ಹಾಡು ಕೇಳಿಸು ಎಂದು. ಅವನು ಮೊಬೈಲನ್ನು ಜೇಬಿನಿಂದ ತೆಗೆಯದ್ದನ್ನು ಕಂಡು, ಎರಡು ಬೆರಳೆತ್ತಿ ಹುಬ್ಬು ಹಾರಿಸಿದಳು.

“ಎರಡೂ ಚೆನ್ನಾಗೇ ಇದಾವೆ ಅಮ್ಮ,” ಎಂದ. “ಹಾಡು ಇಲ್ಲ.”

ಬೆರಳುಗಳು ಹೊದಿಕೆಯ ಮೇಲೆ ಇಳಿದವು. ಆಮೇಲೆ ಅವಳು ತುಟಿ ತೋರಿಸಿದಳು. ನೀರು ಕುಡಿಸುವಂತಿರಲಿಲ್ಲ. ಅವನು ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದ.