ಸ್ಟ್ಯಾನಿಗೆ ಉಳಿದ ಒಂದು ಪದ

ಕೊಲ್ಲಿ ದೇಶದ ಅಲ್ ಅಜೈಬಾದ ಹೋಟೆಲಿನಲ್ಲಿ ಸ್ಟ್ಯಾನಿ ಗಿರಾಕಿಗಳ ಆರ್ಡರ್ ತೆಗೆದುಕೊಳ್ಳುವ ಕ್ಯಾಪ್ಟನ್, ಕೆಂಪಣ್ಣ ಸ್ಟೋರ್ ಕೀಪರ್. ಶಿರ್ವದವನಿಗೂ ಮಳವಳ್ಳಿಯವನಿಗೂ ನಡುವೆ ಇದ್ದದ್ದು ಕನ್ನಡ. ಅದರಲ್ಲೂ ಒಬ್ಬನ ಕನ್ನಡಕ್ಕೆ ಇನ್ನೊಬ್ಬ ನಗುತ್ತಿದ್ದ. "ಪುಸ್ತಕ ಓದಿ ಓದಿ ಜೀರಿಗೆ ಎಲ್ಲಿಟ್ಟದ್ದು ಅಂತಲೇ ಮರೆತದ್ದಾ ಮಾರಾಯ?" ಎಂದು ಸ್ಟ್ಯಾನಿ ಸ್ಟೋರಿನ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ. ಮಧ್ಯಾಹ್ನದ ಗಿರಾಕಿಗಳೆಲ್ಲ ಎದ್ದ ಮೇಲೆ ಟೇಬಲುಗಳ ಗ್ಲಾಸುಗಳನ್ನು ತಾನೇ ಕವುಚಿ ಹಾಕುತ್ತಿದ್ದ. ಆ ಕೆಲಸ ಬೇರೆಯವರಿಗೆ ಬಿಡುತ್ತಿರಲಿಲ್ಲ. ಗ್ಲಾಸು ಕವುಚಿತೆಂದರೆ ಮುಗಿಯಿತು. ಮಾಲೀಕನೇ ಬಂದು ಕೂತರೂ ಆ ಟೇಬಲಿಗೆ ಮತ್ತೆ ಊಟವಿಲ್ಲ.

ಪಾರ್ಶ್ವವಾಯು ಬಡಿದ ಮೇಲೆ ಅವನ ಬಾಯಲ್ಲಿ ಉಳಿದದ್ದು ಒಂದೇ ಪದ: ಆರ್ಡರ್. ನೀರು ಬೇಕಾದರೂ ಆರ್ಡರ್, ಕಾಲು ನೋಯುತ್ತಿದ್ದರೂ ಆರ್ಡರ್, ಟಿ.ವಿ. ಸಾಕೆನ್ನಲೂ ಅದೇ. ಮಾತು ಕಲಿಸಲು ಬರುತ್ತಿದ್ದ ಡೀನಾ ಅದನ್ನು ಎರಡಾಗಿ ಒಡೆದಳು. ಮೇಜಿನ ಮೇಲೆ ಒಂದು ತಟ್ಟು, ಆರ್. ಇನ್ನೊಂದು ತಟ್ಟು, ಡರ್. ನಡುವೆ ಸ್ವಲ್ಪ ಬಿಡುವು ಸಿಕ್ಕರೆ ಬೇರೊಂದು ಪದ ನುಸುಳೀತು ಎಂಬ ಆಸೆ ಅವಳದು. ಕನ್ನಡದಲ್ಲಿ ಬರೆದರೆ ಅರ್ಕಾವತ್ತು ಡಕಾರಕ್ಕೆ ಅಂಟಿಕೊಂಡೇ ಇರುತ್ತದೆ, ಕತ್ತರಿ ಹಾಕಲು ಜಾಗವಿಲ್ಲ ಎಂದು ನೋಡಲು ಬಂದಿದ್ದ ಕೆಂಪಣ್ಣನಿಗೆ ಅನ್ನಿಸಿತು. ಅವನ ಹೆಂಡತಿಯ ಹೆಸರಿಗೆ ಒಂದೇ ತಟ್ಟು, ಜೇನ್. ಡೀನಾ ಅದನ್ನೂ ಹೇಳಿಸಿ ನೋಡಿದಳು. ಸ್ಟ್ಯಾನಿ ಎಡಗೈಯಿಂದ ಸರಿಯಾಗಿ ಒಂದೇ ಸಲ ತಟ್ಟಿ, ಆರ್ಡರ್ ಎಂದ. ಜೇನ್ ಒಳಗೆ ಹೋದಳು.

ಕೆಂಪಣ್ಣ ತನ್ನ ಮನೆಯಲ್ಲಿ ನಿಘಂಟು ತೆರೆದ. ಅಪ್ಪಣೆ, ಕ್ರಮ, ಅಚ್ಚುಕಟ್ಟು, ತರಲು ಹೇಳಿದ ಊಟ, ಸನ್ಯಾಸಿಗಳ ಪಂಗಡ ಎಂದು ಅರ್ಥಗಳು ಪುಟದ ಕೆಳಗಿನವರೆಗೂ ಇದ್ದವು. ಕಾಲುನೋವು ಇರಲಿಲ್ಲ. ಮುಚ್ಚಿಟ್ಟ.

ಊರಿಗೆ ಕಳಿಸುವುದಾದರೆ ಈಗಲೇ ಕಳಿಸಿ, ಆಮೇಲೆ ಪ್ರಯಾಣ ಕಷ್ಟ ಎಂದರು ಡಾಕ್ಟರು. ಶಿರ್ವದಲ್ಲಿ ಅವನ ಅಕ್ಕ ನೋಡಿಕೊಳ್ಳಲು ತಯಾರಿದ್ದಳು. ಇಲ್ಲಿ ಜೇನ್ ಇದ್ದಳು, ಆದರೆ ವಾದಿ ಅದಾಯ್ ಎಂಬಲ್ಲಿನ ಕ್ಲಿನಿಕ್ಕಿನ ಕೆಲಸ ಬಿಡುವಂತಿರಲಿಲ್ಲ. ಅವಳು ಕೇಳಿದಾಗಲೆಲ್ಲ ಅವನ ಉತ್ತರ ಆ ಪದವೇ.

"ಹೋಗ್ತೇನೆ ಅಂತ ಹೇಳಿದ್ದಾ, ಬೇಡ ಅಂತ ಹೇಳಿದ್ದಾ?" ಎಂದಳು ಜೇನ್. "ನಾನೇ ಕಳಿಸಿಬಿಟ್ಟದ್ದು ಅಂತ ಆಗ್ಬಾರ್ದು ಕೆಂಪಣ್ಣ. ಅವರೇ ಹೇಳ್ಬೇಕು."

ಶುಕ್ರವಾರ ಮೂವರೂ ಊಟ ಮುಗಿಸಿ ಕೂತಿದ್ದಾಗ ಕೆಂಪಣ್ಣ ಕೇಳಿದ. "ಊರಿಗೆ ಹೋಗ್ತೀಯಾ, ಇಲ್ಲೇ ಇರ್ತೀಯಾ? ನನಗಾದ್ರೂ ಹೇಳೋ."

"ಆರ್ಡರ್," ಎಂದ ಸ್ಟ್ಯಾನಿ. ಇಬ್ಬರ ಮುಖ ನೋಡಿದ. ತನ್ನ ಗ್ಲಾಸಿನ ನೀರು ಕುಡಿದು, ಎಡಗೈಯಲ್ಲೇ ಅದನ್ನು ಕವುಚಿ ಹಾಕಿದ. ಜೇನಳ ಗ್ಲಾಸನ್ನು ಕವುಚಲಿಲ್ಲ. ಅವಳ ಕೈಯ ಹತ್ತಿರಕ್ಕೆ ಸರಿಸಿದ.

"ಇಲ್ಲಿ ಅವನ ಟೇಬಲ್ ಮುಗೀತಂತೆ ಅಕ್ಕ," ಎಂದ ಕೆಂಪಣ್ಣ. "ನಿಮ್ಮದಿನ್ನೂ ಮುಗಿದಿಲ್ಲ."

ಜೇನ್ ಆ ವಾರವೇ ಅವನಿಗೆ ಊರಿಗೆ ಟಿಕೆಟ್ ಮಾಡಿಸಿದಳು.

ಮಳೆಗಾಲದಲ್ಲಿ ಸ್ಟ್ಯಾನಿ ತೀರಿಕೊಂಡ. ಮಣ್ಣಿಗೆ ಹೋಗಿದ್ದ ಜೇನ್ ಶಿರ್ವದಿಂದ ಫೋನ್ ಮಾಡಿದಳು. ಕೆಂಪಣ್ಣ, ಅಲ್ಲಿ ಗ್ಲಾಸು ಕವುಚುತ್ತಿದ್ದನಾ ಎಂದು ಕೇಳಿದ.

"ಇಲ್ವಂತೆ. ನಾನೂ ಅದನ್ನೇ ಕೇಳಿದ್ದು," ಎಂದಳು. "ಅವರ ಅಕ್ಕ ಗ್ಲಾಸ್ ತೆಗೀಲಿಕ್ಕೆ ಹೋದ್ರೆ ಆರ್ಡರ್ ಅಂತ ಬೈತಿದ್ರಂತೆ. ಕಡೇ ದಿನ ಸಹ ಇನ್ನೊಂದು ಗ್ಲಾಸ್ ಗಂಜಿ ಕುಡಿದ್ರಂತೆ." ಆಮೇಲೆ, "ಹಾಗಾದ್ರೆ ಕಳಿಸಿದ್ದು ಸರಿಯಾಯ್ತಲ್ಲ ಕೆಂಪಣ್ಣ?" ಎಂದಳು.

ಸರಿಯಾಯಿತು ಎಂದ ಕೆಂಪಣ್ಣ.

ಅಡುಗೆಯವನು ಸ್ಟೋರಿನ ಬಾಗಿಲಿಗೆ ಬಂದು ಜೀರಿಗೆ ಕೇಳಿದ. ಎಲ್ಲಿದೆಯೆಂದು ಕೆಂಪಣ್ಣನಿಗೆ ಗೊತ್ತಿತ್ತು. ತೆಗೆದುಕೊಟ್ಟ.